ಬೆಂಗಳೂರಿನ ಎರಡನೇ ಮಳೆ

ಹಲಸೂರು ಕೆರೆಯ ದಡದಲ್ಲಿ ಮಾರ್ಚ್ ತಿಂಗಳ ಬೆಳಿಗ್ಗೆ ವಾಯುವಿಹಾರಕ್ಕೆ ಹೋಗುವವರು ಸಾಮಾನ್ಯವಾಗಿ ಕೇಳಿಕೊಳ್ಳದ ಪ್ರಶ್ನೆಯೊಂದಿದೆ. ಹಿಂಗಾರು ಮುಗಿದು ಮೂರು ನಾಲ್ಕು ತಿಂಗಳು ಕಳೆದ ಮೇಲೂ ಈ ಕೆರೆಯಲ್ಲಿ ಇಷ್ಟು ನೀರು ಹೇಗೆ ಉಳಿದಿದೆ? ಬಯಲುಸೀಮೆಯ ಕೆರೆಯ ಸ್ವಭಾವ ಇದಲ್ಲ. ಅದು ಆಶ್ವಯುಜ, ಕಾರ್ತಿಕಗಳಲ್ಲಿ ತುಂಬಿ ಕೋಡಿ ಹರಿಯಬೇಕು. ಮಾಘದ ಹೊತ್ತಿಗೆ ಅರ್ಧಕ್ಕಿಳಿಯಬೇಕು. ಚೈತ್ರ, ವೈಶಾಖಗಳಲ್ಲಿ ಕೆರೆಯಂಗಳದ ಗೋಡುಮಣ್ಣು ರೈತರ ಗಾಡಿ ಏರಿ ಹೊಲಕ್ಕೆ ಹೋಗಬೇಕು. ಹಲಸೂರು ಕೆರೆ ಬಹುಕಾಲದಿಂದ ಹಾಗೆ ಬರಿದಾಗುವುದನ್ನು ಮರೆತಿದೆ. 2016ರ ಮಾರ್ಚ್‌ನಲ್ಲಿ ಇಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗಲೂ ಕೆರೆಯಲ್ಲಿ ನೀರಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ನೀರಿನೊಳಗಿನ ಆಮ್ಲಜನಕಕ್ಕೆ.

ಇದೇ ಹಳೇ ಮದರಾಸು ರಸ್ತೆಯಲ್ಲಿ ಪೂರ್ವಕ್ಕೆ ಸುಮಾರು ಹತ್ತು ಕಿಲೋಮೀಟರ್ ಸಾಗಿದರೆ ಕೃಷ್ಣರಾಜಪುರ. 2024ರ ಮಾರ್ಚ್‌ನಲ್ಲಿ ಅಲ್ಲಿನ ಬಡಾವಣೆಗಳು ಟ್ಯಾಂಕರಿನ ದಾರಿ ಕಾಯುತ್ತಿದ್ದವು. ನಗರದ ಸುಮಾರು 14 ಸಾವಿರ ಸಾರ್ವಜನಿಕ ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಸರ್ಕಾರವೇ ಆಗ ಹೇಳಿತು. ಅದಾಗಿ ಮೂರು ತಿಂಗಳು ತುಂಬುವ ಮೊದಲೇ, ಜೂನ್ 2ರಂದು, ಒಂದೇ ದಿನದಲ್ಲಿ 111.1 ಮಿಲಿಮೀಟರ್ ಮಳೆ ಸುರಿದು 1891ರ ಜೂನ್ ತಿಂಗಳ ದಾಖಲೆ ಮುರಿಯಿತು. ಟ್ಯಾಂಕರ್ ಬೇಡುತ್ತಿದ್ದ ನಗರವೇ ಅಂದು ರಸ್ತೆಯ ಮೇಲಿನ ನೀರನ್ನು ಹೊರಹಾಕುವುದು ಹೇಗೆಂದು ಪರದಾಡಿತು.

ಒಂದೇ ರಸ್ತೆಯ ಎರಡು ತುದಿಗಳಲ್ಲಿ ಎರಡು ಜಲಸ್ಥಿತಿ; ಒಂದೇ ಬೇಸಿಗೆಯಲ್ಲಿ ಬರ ಮತ್ತು ನೆರೆ. ಇದಕ್ಕೆ ನಾವು ಕಂಡುಕೊಂಡಿರುವ ವಿವರಣೆ ಎರಡೇ ಪದಗಳದ್ದು: ಹವಾಮಾನ ವೈಪರೀತ್ಯ. ಮಂತ್ರಿಗಳಿಂದ ಹಿಡಿದು ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದವರೆಗೆ ಎಲ್ಲರಿಗೂ ಒಪ್ಪಿಗೆಯಾಗುವ ವಿವರಣೆ ಇದು, ಏಕೆಂದರೆ ಇದರಲ್ಲಿ ಆರೋಪಿ ಆಕಾಶದಲ್ಲಿದ್ದಾನೆ. ಹವಾಮಾನ ಬದಲಾಗುತ್ತಿರುವುದು ನಿಜ, ಅದರ ಪರಿಣಾಮ ಗಂಭೀರವೆಂಬುದೂ ನಿಜ. ಆದರೆ ಪೂರ್ವ ಬೆಂಗಳೂರಿನ ಜಲಚಕ್ರವನ್ನು ಕಾಗದದ ಮೇಲೆ ಬರೆದು ಲೆಕ್ಕ ಹಾಕಿದರೆ ದೊಡ್ಡ ಮೊತ್ತಗಳೆಲ್ಲ ಮನುಷ್ಯನ ಹೆಸರಿನಲ್ಲಿಯೇ ಬರುತ್ತವೆ. ಈ ಲೆಕ್ಕ ಬರೆಯದೆ ಮುಂದಿನ ನೀರಿನ ಯೋಜನೆಗಳನ್ನು ರೂಪಿಸುತ್ತಿರುವುದೇ ಇಂದಿನ ಆತಂಕ.

ಜಲವಿಜ್ಞಾನಿಗಳು ‘ಮಾದರಿ’ ಎಂದು ಕರೆಯುವುದು ಮೂಲತಃ ಮನೆಯ ಜಮಾ-ಖರ್ಚಿನ ಪುಸ್ತಕವನ್ನೇ. ಒಂದು ಪ್ರದೇಶಕ್ಕೆ ಬಂದ ನೀರು ಮೂರು ದಾರಿಗಳಲ್ಲಿ ಹೋಗಬೇಕು: ಆವಿಯಾಗಬೇಕು, ಹರಿದುಹೋಗಬೇಕು, ಇಲ್ಲವೇ ನೆಲದೊಳಗೆ ಉಳಿಯಬೇಕು. ನಾಲ್ಕನೆಯ ದಾರಿಯಿಲ್ಲ. 1674ರಲ್ಲಿ ಫ್ರಾನ್ಸಿನ ಪಿಯರ್ ಪೆರೋ ಎಂಬಾತ ಸೀನ್ ನದಿಯ ಮೇಲ್ಭಾಗದಲ್ಲಿ ಬಿದ್ದ ಮಳೆಯನ್ನೂ ಹರಿದ ನೀರನ್ನೂ ಅಂದಾಜಿಸಿ, ಮಳೆಯ ಪ್ರಮಾಣ ಹರಿವಿನ ಆರು ಪಟ್ಟಿದೆಯೆಂದು ತೋರಿಸಿದ. ನದಿಗಳಿಗೆ ಪಾತಾಳದಿಂದ ನೀರು ಬರುತ್ತದೆಂಬ ನಂಬಿಕೆ ಅಲ್ಲಾಡಿದ್ದು ಅಂತಹ ಎಣಿಕೆಯಿಂದ. ಇಂದಿನ ಗಣಕಯಂತ್ರದ ಮಾದರಿಗಳು ಎಷ್ಟೇ ಸಂಕೀರ್ಣವಾಗಿದ್ದರೂ ಕೊನೆಗೆ ಒಪ್ಪಿಸಬೇಕಾದ ಲೆಕ್ಕ ಇದೇ. ಪೆರೋನ ಕಾಲದಲ್ಲಿ ಜಮಾ ಕಡೆಗೆ ಮಳೆಯೊಂದೇ ಇತ್ತು. ನಮ್ಮಲ್ಲಿ ಹಾಗಿಲ್ಲ ಎನ್ನುವುದಷ್ಟೇ ವ್ಯತ್ಯಾಸ.

ಲೆಕ್ಕಕ್ಕೆ ಮೊದಲು ನೆಲದ ಇಳಿಜಾರನ್ನು ನೋಡಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರು ಒಂದು ಏಣಿನ ಮೇಲೆ ಕುಳಿತಿದೆ. ಏಣಿನ ಪಶ್ಚಿಮಕ್ಕೆ ಬಿದ್ದ ಹನಿ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಕಾವೇರಿಯ ಮುಖ ನೋಡುವುದಿಲ್ಲ. ಅದು ದಕ್ಷಿಣ ಪಿನಾಕಿನಿಯ ಪಾಲು. ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರ ಇವೆಲ್ಲ ಈ ಪೂರ್ವದ ಇಳಿಜಾರಿನಲ್ಲಿವೆ. ಹಲಸೂರು ಕೆರೆಯ ಕೋಡಿ ನೀರು ಚಲ್ಲಘಟ್ಟ ಕಣಿವೆಯ ಮೂಲಕ ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಅಲ್ಲಿಂದ ಪಿನಾಕಿನಿಗೆ ಹರಿಯುತ್ತದೆ. ಉತ್ತರ ಮಗ್ಗುಲಿನ ಹೆಬ್ಬಾಳ–ನಾಗವಾರ ಕಣಿವೆಯ ನೀರು ಕೃಷ್ಣರಾಜಪುರದ ಬಳಿಯ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯನ್ನು ಹಾಯ್ದು ಅದೇ ನದಿಯನ್ನು ಸೇರುತ್ತದೆ. ಮೇಲಿನ ಕೆರೆ ತುಂಬಿದ ಮೇಲೆ ಕೆಳಗಿನದಕ್ಕೆ ಎಂಬ ನಿಯಮದ ಮೇಲೆ ಕಟ್ಟಿದ ಈ ಕೆರೆಸಾಲು ಕೂಡ ಒಂದು ಮಾದರಿಯೇ. ಎಷ್ಟು ಮಳೆಗೆ ಎಷ್ಟು ನೀರು ಬರುತ್ತದೆ, ಕೋಡಿ ಎಷ್ಟು ಅಗಲವಿರಬೇಕು, ತೂಬು ಎಂದು ತೆಗೆಯಬೇಕು ಎಂಬ ಲೆಕ್ಕವನ್ನು ನೀರಗಂಟಿ ಕಂಠಪಾಠ ಮಾಡಿಕೊಂಡಿದ್ದ.

1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ದಂಡನ್ನು ಇಲ್ಲಿಗೆ ತಂದಾಗ ಆಶ್ರಯಿಸಿದ್ದು ಇದೇ ಕೆರೆಗಳನ್ನು. ಜನ ಹೆಚ್ಚಿದಂತೆ ಕೆರೆ ಸಾಲದಾಯಿತು, ಕೊಳೆಯೂ ಆಯಿತು. ದಂಡಿನ ನೀರಿಗಾಗಿಯೇ 1882ರಲ್ಲಿ ಸ್ಯಾಂಕಿ ಕೆರೆ ಬಂತು. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿಯ ನೀರು ನಗರಕ್ಕೆ ಬಂತು. 1974ರಲ್ಲಿ ಕಾವೇರಿ ಬಂದಳು. ಪ್ರತಿಯೊಂದು ಹೆಜ್ಜೆಯಲ್ಲೂ ನೀರಿನ ಮೂಲ ದೂರ ಸರಿಯಿತು. ಹತ್ತಿರದ್ದು ಮೊದಲು ಚರಂಡಿಯಾಗಿ, ಆಮೇಲೆ ನಿವೇಶನವಾಗಿ ಬದಲಾಯಿತು. ದೊಮ್ಮಲೂರಿನ ಕೆರೆ ಬಡಾವಣೆಯಾಯಿತು. ಚಲ್ಲಘಟ್ಟದ ಕೆರೆಯಂಗಳದಲ್ಲಿ ಈಗ ಗಾಲ್ಫ್ ಆಡುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳಿಂದ ಕಂಡುಕೊಂಡಂತೆ, 1970ರ ದಶಕದಿಂದೀಚೆಗಿನ ಸುಮಾರು ನಾಲ್ಕು ದಶಕಗಳಲ್ಲಿ ನಗರದ ಕಟ್ಟಡ ಪ್ರದೇಶ ಶೇಕಡ 584ರಷ್ಟು ಬೆಳೆದರೆ ಜಲಮೂಲಗಳ ವಿಸ್ತೀರ್ಣ ಶೇಕಡ 74ರಷ್ಟು ಕುಗ್ಗಿತು.

ಈಗ ಜಮಾ ಕಡೆಯ ಲೆಕ್ಕ. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ 950ರಿಂದ 1,000 ಮಿಲಿಮೀಟರುಗಳ ನಡುವೆ ಇದೆ. ಇನ್ನು ಕಾವೇರಿ. ಒಂದು ಚದರ ಕಿಲೋಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಹತ್ತು ಲಕ್ಷ ಲೀಟರ್. ಈ ಸರಳ ಸೂತ್ರ ಹಿಡಿದು ಹೊರಟರೆ ಜಲಮಂಡಳಿಯ ಕೊಳವೆಯ ನೀರನ್ನೂ ಮಳೆಯ ಭಾಷೆಯಲ್ಲಿ ಹೇಳಬಹುದು. ಕಾವೇರಿಯ ಮೊದಲ ನಾಲ್ಕು ಹಂತಗಳಿಂದ ದಿನಕ್ಕೆ ಸುಮಾರು 1,450 ದಶಲಕ್ಷ ಲೀಟರ್ ಬರುತ್ತಿತ್ತು. ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸುಮಾರು 740 ಚದರ ಕಿಲೋಮೀಟರಿಗೆ ಇದನ್ನು ಹರಡಿದರೆ, ದಿನವೂ ಎರಡು ಮಿಲಿಮೀಟರ್ ಮಳೆ ಬಿದ್ದಂತೆ. ವರ್ಷಕ್ಕೆ 700 ಮಿಲಿಮೀಟರಿಗೂ ಹೆಚ್ಚು. 2024ರ ಅಕ್ಟೋಬರ್ 16ರಂದು ಲೋಕಾರ್ಪಣೆಯಾದ ಐದನೇ ಹಂತದ 775 ದಶಲಕ್ಷ ಲೀಟರ್ ಪೂರ್ಣವಾಗಿ ಹರಿದರೆ ದಿನಕ್ಕೆ ಮೂರು ಮಿಲಿಮೀಟರ್. ವರ್ಷಕ್ಕೆ ಹತ್ತಿರಹತ್ತಿರ 1,100.

ಅಂದರೆ ಆಕಾಶದಿಂದ ಬೀಳುವುದಕ್ಕಿಂತ ಹೆಚ್ಚು ನೀರು ಕೊಳವೆಯಿಂದ ಬೀಳುತ್ತದೆ. ಇದು ಈ ನಗರದ ಎರಡನೇ ಮಳೆ. ಇದಕ್ಕೆ ಮುಂಗಾರು, ಹಿಂಗಾರುಗಳ ಭೇದವಿಲ್ಲ, ಪಂಚಾಂಗದ ನಕ್ಷತ್ರಗಳ ಹಂಗಿಲ್ಲ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ, ಮೂರು ಹಂತಗಳಲ್ಲಿ ವಿದ್ಯುತ್ತಿನ ಬಲದಿಂದ ಏರಿ ಬರುವ ಮಳೆ ಇದು. ಯಾವ ಭೂಗೋಳದ ಪಠ್ಯಪುಸ್ತಕದ ಜಲಚಕ್ರದ ಚಿತ್ರದಲ್ಲೂ ಇದಕ್ಕೊಂದು ಬಾಣದ ಗುರುತಿಲ್ಲ.

ಮೊದಲ ಮಳೆಯಂತೆಯೇ ಈ ಎರಡನೇ ಮಳೆಯೂ ಎಲ್ಲೆಡೆ ಸಮನಾಗಿ ಬೀಳುವುದಿಲ್ಲ. ದಂಡು ಪ್ರದೇಶ ಮತ್ತು ಹಳೆಯ ಬಡಾವಣೆಗಳಿಗೆ ಅದು ಯಥೇಚ್ಛ. ಬೇರೆ ನಗರಸಭೆಯಾಗಿದ್ದು 2007ರಲ್ಲಿ ಪಾಲಿಕೆಗೆ ಸೇರಿದ ಕೃಷ್ಣರಾಜಪುರ ಮತ್ತು ಅದರ ಸುತ್ತಲಿನ ಹಳ್ಳಿಗಳಿಗೆ ಬಹುಕಾಲ ಅದರ ತುಂತುರು ಮಾತ್ರ. ಜೊತೆಗೆ, ಹಳೆಯ ಭಾಗದ ಕೊಳವೆಗಳು ಹಳೆಯವು. ಜಲಮಂಡಳಿಯೇ ಒಪ್ಪುವಂತೆ ಪೂರೈಕೆಯ ಕಾಲು ಭಾಗಕ್ಕೂ ಹೆಚ್ಚು ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಇದರಲ್ಲಿ ಕಳ್ಳಸಂಪರ್ಕ, ಕೆಟ್ಟ ಮೀಟರುಗಳ ಪಾಲನ್ನು ಕಳೆದು, ಕಾಲು ಭಾಗದ ಅರ್ಧವಷ್ಟೇ ನಿಜವಾಗಿ ನೆಲಕ್ಕೆ ಸೋರುತ್ತದೆಂದು ಇಟ್ಟುಕೊಳ್ಳೋಣ. ಐದನೇ ಹಂತಕ್ಕೆ ಮುಂಚಿನ ಪ್ರಮಾಣವನ್ನೇ ಹಿಡಿದರೂ ವರ್ಷಕ್ಕೆ ಸುಮಾರು 90 ಮಿಲಿಮೀಟರ್ ಆಗುತ್ತದೆ. ನಮ್ಮದು ಗಟ್ಟಿ ಕಲ್ಲಿನ ನೆಲ. ಬಿದ್ದ ಮಳೆಯ ಹತ್ತರಲ್ಲೊಂದು ಪಾಲು ಅಂತರ್ಜಲಕ್ಕೆ ಇಳಿದರೆ ಅದೇ ದೊಡ್ಡದು. ಎಂದರೆ ಇಡೀ ಮುಂಗಾರು ಹಿಂಗಾರುಗಳು ಸೇರಿ ಮಾಡುವ ಕೆಲಸವನ್ನು ತೂತುಬಿದ್ದ ಕೊಳವೆಗಳು ಸದ್ದಿಲ್ಲದೆ ಮಾಡುತ್ತಿವೆ, ಅದೂ ಮುಖ್ಯವಾಗಿ ಹಳೆಯ ನಗರದ ಅಡಿಯಲ್ಲಿ.

ಇದು ಕೇವಲ ಕಾಗದದ ಲೆಕ್ಕವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಶೇಖರ್ ಮತ್ತು ಸಂಗಡಿಗರು ನಗರದುದ್ದಕ್ಕೂ ಬಾವಿಗಳ ನೀರಿನ ಮಟ್ಟ ಅಳೆದು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಕಟ್ಟಡಗಳು ಒತ್ತಾಗಿರುವ, ಕಾಂಕ್ರೀಟು ಹೆಚ್ಚಿರುವ ನಗರದ ನಡುಭಾಗದಲ್ಲಿ ಅಂತರ್ಜಲ ಮೇಲಿದೆ. ಬಯಲು ಹೆಚ್ಚಿದ್ದ ಹೊರವಲಯದಲ್ಲಿ, ಅದರಲ್ಲೂ ಪೂರ್ವ ಮತ್ತು ಆಗ್ನೇಯ ಭಾಗಗಳಲ್ಲಿ ಆಳಕ್ಕೆ ಕುಸಿದಿದೆ. ನಡುಭಾಗಕ್ಕೆ ಕಾವೇರಿಯಿದೆ, ಆದ್ದರಿಂದ ಅಲ್ಲಿ ಕೊಳವೆಬಾವಿಗಳ ಮೇಲೆ ಒತ್ತಡ ಕಡಿಮೆ. ಮೇಲಾಗಿ ಕಾವೇರಿಯೂ ಒಳಚರಂಡಿಯೂ ಸೋರುತ್ತವೆ. ಹೊರವಲಯಕ್ಕೆ ಕಾವೇರಿಯಿಲ್ಲ, ಆದ್ದರಿಂದ ಎಲ್ಲರೂ ನೆಲ ಕೊರೆಯುತ್ತಾರೆ. ಮಳೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಹಲಸೂರು ಕೆರೆ ಬೇಸಿಗೆಯಲ್ಲಿ ತುಂಬಿರುವುದಕ್ಕೂ ಕೃಷ್ಣರಾಜಪುರದ ಕೊಳವೆಬಾವಿ ಸಾವಿರ ಅಡಿ ದಾಟಿರುವುದಕ್ಕೂ ಕಾರಣ ಇದೇ ಎರಡನೇ ಮಳೆ: ಒಂದು ಕಡೆ ಅದರ ಅತಿವೃಷ್ಟಿ, ಇನ್ನೊಂದು ಕಡೆ ಅನಾವೃಷ್ಟಿ.

ನ್ಯಾಯಾಲಯಗಳೂ ಈ ಇಳಿಜಾರಿನ ಜಿಜ್ಞಾಸೆಯಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಕಾವೇರಿ ನ್ಯಾಯಮಂಡಳಿ 2007ರ ಐತೀರ್ಪಿನಲ್ಲಿ, ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆಯೆಂದು ಹೇಳಿ ಅಷ್ಟಕ್ಕೆ ಮಾತ್ರ ಕುಡಿಯುವ ನೀರು ಲೆಕ್ಕ ಹಾಕಿತು. ನಗರದ ಅಗತ್ಯದ ಅರ್ಧ ಅಂತರ್ಜಲದಿಂದ ದೊರೆಯುತ್ತದೆಂದೂ ಭಾವಿಸಿತು. ಅಂದರೆ ಇಂದಿರಾನಗರದ ಮನೆಯೊಂದು ಆ ಲೆಕ್ಕದಲ್ಲಿ ಕಾವೇರಿಗೆ ಪರಕೀಯ. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಇದನ್ನು ಒಪ್ಪದೆ ಬೆಂಗಳೂರಿಗಾಗಿ 4.75 ಟಿಎಂಸಿ ಅಡಿ ಹೆಚ್ಚುವರಿ ನೀರು ನೀಡಿತು. ಕುಡಿಯುವ ನೀರಿನ ಹಕ್ಕಿನ ದೃಷ್ಟಿಯಿಂದ ಅದು ಸರಿಯಾದ ತೀರ್ಪು. ಆದರೆ ನೆಲದ ಇಳಿಜಾರು ತೀರ್ಪನ್ನು ಓದುವುದಿಲ್ಲ. ಕಾವೇರಿಯಿಂದ ಎತ್ತಿ ಇಂದಿರಾನಗರಕ್ಕೆ ತಂದ ನೀರು ಮತ್ತೆ ಕಾವೇರಿಗೆ ಮರಳುವುದಿಲ್ಲ. ಕೊಳಚೆಯಾಗಿ ಪಿನಾಕಿನಿಯ ಕಡೆಗೇ ಹರಿಯುತ್ತದೆ. ಒಂದು ನದಿಯನ್ನು ಇನ್ನೊಂದರೊಳಕ್ಕೆ ಹರಿಸುವ ಕಾರ್ಯ ನಮ್ಮ ಬಚ್ಚಲುಗಳಲ್ಲಿ ಪ್ರತಿದಿನ ನಡೆಯುತ್ತಿದೆ. ಬೆಳ್ಳಂದೂರು ಕೆರೆಯಲ್ಲಿ 2015ರಿಂದ ಕಾಣಿಸಿಕೊಂಡ ಬೆಂಕಿ ಮತ್ತು ನೊರೆ ಅದರ ಫಲ.

ಹಾಗಾದರೆ ಹವಾಮಾನದ ಪಾಲೆಷ್ಟು? ಇದನ್ನು ಬಿಡಿಸಿ ಹೇಳುವುದು ಸುಲಭವಲ್ಲ, ಏಕೆಂದರೆ ಹವಾಮಾನವೂ ಮನುಷ್ಯನೂ ಒಂದೇ ನೆಲದ ಮೇಲೆ ಏಕಕಾಲಕ್ಕೆ ಕೆಲಸ ಮಾಡುತ್ತಾರೆ. ಇಬ್ಬರನ್ನೂ ಬೇರ್ಪಡಿಸಿ ವಿಚಾರಣೆ ನಡೆಸಿದ ಒಂದು ಒಳ್ಳೆಯ ಪ್ರಯತ್ನ ಬೆಂಗಳೂರಿನ ಪಕ್ಕದಲ್ಲೇ ಆಗಿದೆ. ದಂಡಿನವರೂ ಪೇಟೆಯವರೂ ದಶಕಗಳ ಕಾಲ ಕುಡಿದದ್ದು ತಿಪ್ಪಗೊಂಡನಹಳ್ಳಿಯ ನೀರನ್ನು. 1970ರ ದಶಕದಿಂದ ಆ ಜಲಾಶಯಕ್ಕೆ ಒಳಹರಿವು ಕುಸಿಯುತ್ತ ಬಂದು, 2012ರ ಹೊತ್ತಿಗೆ ಅಲ್ಲಿಂದ ನೀರೆತ್ತುವುದನ್ನೇ ನಿಲ್ಲಿಸಬೇಕಾಯಿತು. ಅರ್ಕಾವತಿ ಏಕೆ ಒಣಗಿತು? ಬೆಂಗಳೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮತ್ತು ಅವರ ಸಹ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐವರು ಆರೋಪಿಗಳನ್ನು ಕಟಕಟೆಯಲ್ಲಿ ನಿಲ್ಲಿಸಿದರು: ಮಳೆಯ ಪ್ರಮಾಣ, ಕಾಲ ಮತ್ತು ರಭಸದಲ್ಲಿನ ಬದಲಾವಣೆ, ಏರಿದ ಉಷ್ಣಾಂಶ, ಅಂತರ್ಜಲದ ಬಳಕೆ, ನೀಲಗಿರಿ ತೋಪುಗಳು, ಹೊಳೆಯ ದಾರಿಗೆ ಬಿದ್ದ ಅಡ್ಡಗಟ್ಟೆಗಳು.

ಈ ವಿಧಾನದ ಸೊಗಸನ್ನು ಗಮನಿಸಬೇಕು. ಅವರು ಒಂದೇ ದೊಡ್ಡ ಮಾದರಿಯನ್ನು ಕಟ್ಟಿ ಅದು ಹೇಳಿದ್ದೇ ಸತ್ಯವೆನ್ನಲಿಲ್ಲ. ನಮ್ಮಲ್ಲಿ ಅಂತಹ ಮಾದರಿಗೆ ಬೇಕಾದಷ್ಟು ದೀರ್ಘಕಾಲದ ಅಂಕಿಅಂಶವೂ ಇಲ್ಲ. ಬದಲಿಗೆ, ಪ್ರತಿಯೊಂದು ಕಾರಣವೂ ನಿಜವಾಗಿದ್ದರೆ ನೆಲದ ಮೇಲೆ ಯಾವ ಕುರುಹು ಕಾಣಬೇಕಿತ್ತು ಎಂದು ಕೇಳಿ, ಹಳ್ಳಿಗಳಿಗೆ ಹೋಗಿ ಅದನ್ನು ಹುಡುಕಿದರು. ಹವಾಮಾನ ಬದಲಾವಣೆಗಿಂತ ಕೊಳವೆಬಾವಿ ಮತ್ತು ನೀಲಗಿರಿ, ಸ್ವಲ್ಪ ಮಟ್ಟಿಗೆ ತುಂಡಾದ ಹೊಳೆದಾರಿ, ಇವೇ ಅರ್ಕಾವತಿಯನ್ನು ಒಣಗಿಸಿರುವ ಸಂಭವ ಬಹಳ ಹೆಚ್ಚು ಎಂಬುದು ಅವರ ತೀರ್ಮಾನ. ನೀರಿನ ಮಟ್ಟ ಹೊಳೆಯ ತಳಕ್ಕಿಂತ ಕೆಳಗಿಳಿದ ಮೇಲೆ ಹೊಳೆಗೆ ಊಟೆಯಾಗಿ ಬರುತ್ತಿದ್ದ ನೀರು ನಿಂತಿತು. ಬಿದ್ದ ಮಳೆಯನ್ನೂ ಬಾಯಾರಿದ ನೆಲ ಕುಡಿಯಿತು. ಮಳೆ ಕೈಕೊಡಲಿಲ್ಲ; ಮಳೆ ಹೊಳೆಯಾಗುವ ದಾರಿ ಕೈಕೊಟ್ಟಿತು. ಬೆಂಗಳೂರಿನ ಮಟ್ಟಿಗೆ ಇದಕ್ಕಿಂತ ಮಹತ್ವದ ಜಲವಿಜ್ಞಾನದ ಪಾಠ ಇನ್ನೊಂದಿರಲಾರದು. ಆದರೂ ತಿಪ್ಪಗೊಂಡನಹಳ್ಳಿಯನ್ನು ಕಳೆದುಕೊಂಡದ್ದರ ಬಗ್ಗೆ ಈ ನಗರದಲ್ಲಿ ಒಂದು ಗಂಭೀರ ಸಾರ್ವಜನಿಕ ಚರ್ಚೆ ನಡೆಯಿತೆಂದು ಹೇಳುವುದು ಕಷ್ಟ. ಅಷ್ಟರಲ್ಲಿ ಕಾವೇರಿಯ ಇನ್ನೊಂದು ಹಂತ ಬಂದಿತ್ತು.

ಹವಾಮಾನ ನಿರ್ದೋಷಿಯೆಂದು ಇದರ ಅರ್ಥವಲ್ಲ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶೇಕಡ ಏಳರಷ್ಟು ಹೆಚ್ಚು ತೇವವನ್ನು ಹಿಡಿದುಕೊಳ್ಳಬಲ್ಲದು. ಆದ್ದರಿಂದ ಮಳೆಯ ದಿನಗಳ ನಡುವಿನ ಅಂತರ ಹೆಚ್ಚಿ, ಬಿದ್ದಾಗ ಒಮ್ಮೆಲೇ ಸುರಿಯುವ ಸಾಧ್ಯತೆ ಹೆಚ್ಚುತ್ತದೆ. 2017ರಲ್ಲಿ ಬೆಂಗಳೂರಿನಲ್ಲಿ 1,696 ಮಿಲಿಮೀಟರ್ ಸುರಿದು ದಾಖಲೆಯಾಯಿತು, 2022 ಅದನ್ನೂ ಹಿಂದಿಕ್ಕಿತು, ಮರುವರ್ಷವೇ ಬರ. ಇಂತಹ ಏರಿಳಿತದ ಕಾಲದಲ್ಲಿ ಹಳೆಯ ಸರಾಸರಿಯನ್ನು ನಂಬಿ ಕಾಲುವೆ ಕಟ್ಟುವುದು ಸಾಧ್ಯವಿಲ್ಲ. ನಿನ್ನೆಯ ಮಳೆಯ ಅಂಕಿಅಂಶ ನಾಳೆಗೂ ಅನ್ವಯಿಸುತ್ತದೆಂಬ ಭರವಸೆ ಸತ್ತಿದೆ ಎಂದು ಮಿಲ್ಲಿ ಮತ್ತು ಇತರ ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಘೋಷಿಸಿದ್ದು 2008ರಷ್ಟು ಹಿಂದೆಯೇ.

ಆದರೆ ಅದೇ ಮಳೆ ಯಾವ ನೆಲದ ಮೇಲೆ ಬೀಳುತ್ತದೆಂಬುದು ಮುಖ್ಯ. 2022ರ ಸೆಪ್ಟೆಂಬರ್ 5ರ ಬೆಳಿಗ್ಗೆ ಮುಗಿದ 24 ಗಂಟೆಗಳಲ್ಲಿ ನಗರದಲ್ಲಿ ದಾಖಲಾದದ್ದು 131.6 ಮಿಲಿಮೀಟರ್. ಹೊರವರ್ತುಲ ರಸ್ತೆಯ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದ ದೃಶ್ಯಗಳು ಜಗತ್ತನ್ನೆಲ್ಲ ಸುತ್ತಿದವು. ಆದರೆ 1988ರ ಸೆಪ್ಟೆಂಬರ್ 12ರಂದು ಇದೇ ನಗರದಲ್ಲಿ 177.6 ಮಿಲಿಮೀಟರ್ ಮಳೆಯಾಗಿತ್ತು. ಅಂದು ಮಹದೇವಪುರದ ಬಹುಭಾಗ ಹೊಲ, ಗದ್ದೆ, ಕೆರೆಬಯಲು. ಹೊರವರ್ತುಲ ರಸ್ತೆಯೇ ಇರಲಿಲ್ಲ. ಕೆರೆ ತನ್ನ ಅಂಗಳದಲ್ಲಿ ಹರಡಿಕೊಂಡರೆ ಅದನ್ನು ಯಾರೂ ಪ್ರವಾಹವೆಂದು ಕರೆಯುವುದಿಲ್ಲ. ಇನ್ನು ಹೊರಮಾವಿನ ಸಾಯಿ ಬಡಾವಣೆಯ ಕಥೆ. 2024ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಮೇ ತಿಂಗಳಲ್ಲಿ ಅಲ್ಲಿ ಮನೆಗಳೊಳಗೆ ನೀರು ನುಗ್ಗಿತು. ಮೇಲಿನಿಂದ ಬರುವ ರಾಜಕಾಲುವೆಯ ನೀರು ರೈಲ್ವೆ ಹಳಿಯಡಿಯ ಕಿರಿದಾದ ಕಿಂಡಿಯಲ್ಲಿ ತೂರಲಾರದೆ ಹಿಮ್ಮೆಟ್ಟುತ್ತದೆ. ಅಲ್ಲಿನ ನಿವಾಸಿಗಳಿಗೆ ಜಾಗತಿಕ ತಾಪಮಾನದ ಉಪನ್ಯಾಸಕ್ಕಿಂತ ಆ ಕಿಂಡಿಯ ಅಗಲ ಮುಖ್ಯ.

ನಮ್ಮಲ್ಲಿ ವಿಜ್ಞಾನದ ಕೊರತೆಯಿಲ್ಲ ಎನ್ನುವುದನ್ನೂ ಹೇಳಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ಪಿ. ಮುಜುಂದಾರ್ ಅವರ ತಂಡ ಮತ್ತು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಸೇರಿ ನಗರದ ಮಳೆಮಾಪಕಗಳನ್ನೂ ಕಾಲುವೆಗಳ ಹರಿವನ್ನೂ ಆಧರಿಸಿದ ಪ್ರವಾಹ ಮುನ್ಸೂಚನೆಯ ಮಾದರಿಯನ್ನು ರೂಪಿಸಿವೆ. 2020ರಲ್ಲಿ ‘ಮೇಘ ಸಂದೇಶ’ ಎಂಬ ಆ್ಯಪ್ ಕೂಡ ಬಂತು. ಮಳೆ ಕಾಲುವೆಗೆ ಬಂದ ಮೇಲಿನ ಲೆಕ್ಕದಲ್ಲಿ ನಾವು ಹಿಂದುಳಿದಿಲ್ಲ. ಆದರೆ ವರ್ಷವಿಡೀ ನಡೆಯುವ ಜಮಾ-ಖರ್ಚು? ಖಾಸಗಿ ಕೊಳವೆಬಾವಿಗಳು ದಿನಕ್ಕೆಷ್ಟು ನೀರೆತ್ತುತ್ತವೆಂಬುದಕ್ಕೆ ಮೀಟರಿಲ್ಲ. ಅಂತರ್ಜಲ ನಿಯಂತ್ರಣಕ್ಕೆ 2011ರ ಕಾಯ್ದೆಯಿದೆ, ಬೆಂಗಳೂರು ಪೂರ್ವ ತಾಲ್ಲೂಕನ್ನು ಕೇಂದ್ರ ಅಂತರ್ಜಲ ಮಂಡಳಿ ಅತಿಬಳಕೆಯ ಪಟ್ಟಿಯಲ್ಲಿಟ್ಟಿದೆ. ಆದರೂ ಹೊಸಕೋಟೆಯ ಕಡೆಯ ತೋಟದಿಂದ ಟ್ಯಾಂಕರಿನಲ್ಲಿ ನಗರ ಸೇರುವ ನೀರು ಯಾವ ದಾಖಲೆಯಲ್ಲೂ ಕಾಣುವುದಿಲ್ಲ. ಅರ್ಧ ಕಂದಾಯ, ಅರ್ಧ ಊಹೆಯ ಮೇಲೆ ನಡೆಯುವ ಸಂಸಾರಕ್ಕೆ ಎಂತಹ ಲೆಕ್ಕಪರಿಶೋಧಕ ಸಿಕ್ಕಿಯಾನು?

ಪೂರ್ಣ ಲೆಕ್ಕವಿದ್ದರೆ ಅದು ಇಂದು ನಮ್ಮನ್ನು ಎಚ್ಚರಿಸುತ್ತಿದ್ದ ಸಂಗತಿಗಳಿವೆ. ಸೋರಿಕೆಯನ್ನು ತಡೆಯಬೇಕೆಂಬ ಬಗ್ಗೆ ಎರಡು ಮಾತಿಲ್ಲ. ಆದರೆ ದಂಡು ಪ್ರದೇಶದ ಸೋರಿಕೆ ನಿಂತ ದಿನ ಅಲ್ಲಿನ ಅಂತರ್ಜಲಕ್ಕೆ ಇರುವ ದೊಡ್ಡ ಆದಾಯವೊಂದು ನಿಲ್ಲುತ್ತದೆ. ಅದಕ್ಕೆ ಬದಲಾಗಿ ಮಳೆನೀರನ್ನು ನೆಲಕ್ಕಿಳಿಸುವ ವ್ಯವಸ್ಥೆ ಮೊದಲೇ ಆಗಿರದಿದ್ದರೆ ಶಿವಾಜಿನಗರದ, ಹಲಸೂರಿನ ಬಾವಿಗಳು ಬರಿದಾಗುತ್ತವೆ. ಆಗಲೂ ನಾವು ಬಹುಶಃ ಹವಾಮಾನವನ್ನೇ ದೂರುತ್ತೇವೆ. ಪೂರ್ವದಲ್ಲಿ ಇದರ ತದ್ವಿರುದ್ಧ. ಐದನೇ ಹಂತದ ನೀರು ಪೂರ್ಣವಾಗಿ ತಲುಪಿದಂತೆ ಅಲ್ಲಿ ಪಂಪುಗಳು ಮೌನವಾಗಿ ಅಂತರ್ಜಲ ಮೇಲೇರಬೇಕು. ಎಂಜಿನಿಯರುಗಳ ರೂಢಿಯ ಲೆಕ್ಕದಂತೆ ಪೂರೈಕೆಯಾದ ನೀರಿನ ಶೇಕಡ 80 ಕೊಳಚೆಯಾಗುತ್ತದೆ. ಅಂದರೆ 775 ದಶಲಕ್ಷ ಲೀಟರಿನ ಜೊತೆ ದಿನಕ್ಕೆ ಸುಮಾರು 620 ದಶಲಕ್ಷ ಲೀಟರ್ ಹೊಸ ಕೊಳಚೆಯೂ ಬರುತ್ತದೆ. ಒಳಚರಂಡಿ ಅದಕ್ಕಿಂತ ಮುಂಚೆ ಸಿದ್ಧವಾಗಿರದಿದ್ದರೆ ಅದು ಹೋಗುವುದು ಎಲೆ ಮಲ್ಲಪ್ಪ ಶೆಟ್ಟಿ ಕೆರೆಗೆ, ವರ್ತೂರಿಗೆ. ಹಲಸೂರು ನೂರು ವರ್ಷಗಳಲ್ಲಿ ಕಂಡದ್ದನ್ನು ಈ ಕೆರೆಗಳು ಹತ್ತೇ ವರ್ಷಗಳಲ್ಲಿ ಕಾಣುತ್ತವೆ.

ಈ ನಡುವೆ ಮೊದಲ ಮಳೆಯನ್ನು ನಾವು ಮರೆತೇಬಿಟ್ಟಿದ್ದೇವೆ. ಇಂದಿರಾನಗರದ ಒಂದು 30x40 ನಿವೇಶನದ ಮೇಲೆ ವರ್ಷಕ್ಕೆ ಬೀಳುವ ಮಳೆ ಒಂದು ಲಕ್ಷ ಲೀಟರಿಗೂ ತುಸು ಹೆಚ್ಚು. ಆರು ಸಾವಿರ ಲೀಟರಿನ ಹದಿನೇಳು ಟ್ಯಾಂಕರುಗಳಿಗೆ ಸಮ. ಮಳೆನೀರು ಸಂಗ್ರಹವನ್ನು 2009ರಲ್ಲೇ ಕಡ್ಡಾಯ ಮಾಡಲಾಗಿದೆ. ಆದರೂ ದಂಡ ಕಟ್ಟುವುದು ಗುಂಡಿ ತೋಡುವುದಕ್ಕಿಂತ ಸುಲಭವೆಂದು ಭಾವಿಸಿದ ಮನೆಗಳು ಕಡಿಮೆಯಿಲ್ಲ.

ಎರಡನೇ ಮಳೆಯ ಕಥೆ ವರ್ತೂರಿನಲ್ಲಿ ಮುಗಿಯುವುದಿಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರಿನಷ್ಟನ್ನು ಕೋಲಾರದ ಕೆರೆಗಳಿಗೆ ಪಂಪು ಮಾಡುವ ಯೋಜನೆ 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಆರಂಭವಾಯಿತು. ಮುಂದಿನ ತಿಂಗಳೇ ಆ ಕೆರೆಯಲ್ಲೂ ನೊರೆ ಕಂಡು ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಮೂರನೇ ಹಂತದ ಶುದ್ಧೀಕರಣವಿಲ್ಲದೆ ಈ ನೀರು ಕೊಡುವುದು ತರವೇ ಎಂಬ ಕೋಲಾರದ ಜನರ ಪ್ರಶ್ನೆಗೆ ಇನ್ನೂ ಸಮಾಧಾನಕರ ಉತ್ತರ ಸಿಕ್ಕಿಲ್ಲ. ಆ ಪ್ರಶ್ನೆ ನ್ಯಾಯವಾದದ್ದು. ದಶಕಗಳಿಂದ ಒಣಗಿದ್ದ ಕೆರೆಗಳು ತುಂಬಿದವು, ಅಂತರ್ಜಲ ಏರಿತು ಎಂಬುದೂ ಅಳತೆಗೆ ಸಿಕ್ಕ ಸಂಗತಿಯೇ. ಮಂಡ್ಯ ಜಿಲ್ಲೆಯಿಂದ ಎತ್ತಿದ ಕಾವೇರಿ, ಇಂದಿರಾನಗರದ ಬಚ್ಚಲು ದಾಟಿ, ಕೋಲಾರದ ಕೊಳವೆಬಾವಿಯಲ್ಲಿ ಮೇಲೆ ಬಂದು ಟೊಮೆಟೊ ಗಿಡದ ಬುಡಕ್ಕೆ ಬೀಳುತ್ತಾಳೆ. ಆ ಟೊಮೆಟೊ ಬುಟ್ಟಿಗಳು ನಸುಕಿನಲ್ಲಿ ಹಳೇ ಮದರಾಸು ರಸ್ತೆ ಹಿಡಿದು, ಹೊಸಕೋಟೆ ದಾಟಿ, ಕೃಷ್ಣರಾಜಪುರದ ಸಂತೆಗೂ ಅಲ್ಲಿಂದ ಹಲಸೂರಿನ ಮಾರುಕಟ್ಟೆಗೂ ಬಂದು ಇಳಿಯುತ್ತವೆ.